ಎಣ್ಣಿ ಹೊಡೆಯುವ ಪಂಪಿನ ಪ್ಲಗ್ಗಿಗೆ ಕರೆಂಟು ಬರದಿದ್ದರೆ

ತೊಗರಿ ಹೂವಾಡಿ ಕಾಯಿ ಕಟ್ಟುವ ಹೊತ್ತಿಗೆ ಕಲಬುರಗಿ, ಯಾದಗಿರಿ ಕಡೆ ಮೂಲೆ ಹಿಡಿದ, ಎಣ್ಣಿ (ಕೀಟನಾಶಕ) ಹೊಡೆಯುವ ಪೆಟ್ರೋಲ್ ಎಂಜಿನ್ನಿನ ಪಂಪುಗಳೆಲ್ಲ ಹೊಲಕ್ಕೆ ಬರುತ್ತವೆ. ಕಾಯಿಕೊರಕ ನಮಗಾಗಿ ಕಾಯುವುದಿಲ್ಲ. ಪಂಪು ಮಾತ್ರ ಇಪ್ಪತ್ತು ಸಲ ಹಗ್ಗ ಎಳೆದರೂ ಚಾಲೂ ಆಗುವುದಿಲ್ಲ. ಎಲ್ಲರೂ ಮೊದಲು ಕೈ ಹಾಕುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ. ಅದನ್ನು ಬಿಚ್ಚುವ ಮೊದಲು ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟು ಬರುತ್ತಿದೆಯೇ ನೋಡಿ, ಎರಡು ನಿಮಿಷದ ಕೆಲಸ. ಇಲ್ಲಿರುವುದು ಬೆನ್ನಿಗೆ ಹಾಕುವ ಹಳೆಯ ಟೂ ಸ್ಟ್ರೋಕ್ ಪಂಪಿನ ಲೆಕ್ಕ.

ಪಂಪಿಗೆ ಅಂಟಿದ ಎಣ್ಣಿ ತೊಳೆದು ಒಣಗಿಸಿ. ಪ್ಲಗ್ ಪಾನಾದಿಂದ (ಸಾಮಾನ್ಯವಾಗಿ 19 ಎಂಎಂ) ಪ್ಲಗ್ ಬಿಚ್ಚಿ, ಮತ್ತೆ ದಪ್ಪ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ. ಪ್ಲಗ್ಗಿನ ಮರೆಯನ್ನು (ತಿರುಪಿನ ಗೆರೆಯಿರುವ ಭಾಗ) ಸಿಲಿಂಡರಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿಟ್ಟು, ಸ್ವಿಚ್ ಆನ್ ಮಾಡಿ ಹಗ್ಗ ಜೋರಾಗಿ ಎಳೆಯಿರಿ. ಪ್ಲಗ್ ಇದ್ದ ತೂತಿನಿಂದ ಪೆಟ್ರೋಲ್ ಹನಿ ಚಿಮ್ಮುತ್ತದೆ, ಕಿಡಿ ಅದರಿಂದ ದೂರವಿರಲಿ. ಕ್ಯಾಪನ್ನು ಒಣಬಟ್ಟೆಯಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಕೈಗೆ ಝಾಡಿಸುತ್ತದೆ. ಚಟ್ ಎಂದು ನೀಲಿ ಕಿಡಿ ಹಾರಿದರೆ ಕರೆಂಟು ಸರಿಯಿದೆ. ಕೆಂಪಗೆ, ಸಣ್ಣಗೆ ಮಿಣುಕಿದರೆ ಅದು ಹೊರಗೆ ಕಂಡರೂ ಸಿಲಿಂಡರಿನ ಒತ್ತಡದಲ್ಲಿ ಹಾರುವುದಿಲ್ಲ.

ಕಿಡಿಯೇ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಹಳೆಯದರ ನಂಬರೇ ಇರಬೇಕು, ಕಿಡಿ ಹಾರುವ ಎರಡು ತುದಿಗಳ ಸಂದು 0.6ರಿಂದ 0.7 ಎಂಎಂ. ಹಳೆಯದು ಕಪ್ಪಗೆ ಜಿಡ್ಡುಗಟ್ಟಿದ್ದರೆ ಪೆಟ್ರೋಲಿಗೆ ಬೆರೆಸುವ ಎಂಜಿನ್ ಎಣ್ಣೆ ಹೆಚ್ಚಾಗಿರಬಹುದು. ಒಂದು ಲೀಟರ್ ಪೆಟ್ರೋಲಿಗೆ 25:1 ಎಂದರೆ 40 ಮಿಲಿ, 50:1 ಎಂದರೆ 20 ಮಿಲಿ. ಯಾವುದು ಎಂಬುದು ಪಂಪಿನ ಪುಸ್ತಕದಲ್ಲಿದೆ. "ಇರಲಿ ಅಂತ" ಇನ್ನೊಂದು ಮುಚ್ಚಳ ಸುರಿದರೆ ಎಂಜಿನ್ನಿಗೆ ಆಯುಷ್ಯ ಬರುವುದಿಲ್ಲ, ಪ್ಲಗ್ ಮುಚ್ಚಿಕೊಳ್ಳುತ್ತದೆ.

ಹೊಸ ಪ್ಲಗ್ಗಿಗೂ ಕಿಡಿ ಬಾರದಿದ್ದರೆ ನಮ್ಮ ಕಡೆಯ ಪಂಪುಗಳಲ್ಲಿ ಮೊದಲ ಅನುಮಾನ ಸ್ವಿಚ್ಚಿನ ಮೇಲೆ. ಕಿಡಿಗೆ ಕರೆಂಟು ಕೊಡುವ ಕಾಯಿಲಿನಿಂದ ಹೊರಡುವ ತೆಳು ವೈರು ಎಂಜಿನ್ನಿನ ಲೋಹದ ಮೈಗೆ ತಾಗಿದರೆ ಎಂಜಿನ್ ನಿಲ್ಲುತ್ತದೆ, ಸ್ವಿಚ್ ಮಾಡುವ ಕೆಲಸ ಇಷ್ಟೇ. ಹಿಡಿಕೆಯ ಹತ್ತಿರ ಎಕ್ಸಲರೇಟರ್ ಕೇಬಲ್ಲಿಗೆ ಉಜ್ಜಿ ವೈರಿನ ಸಿಪ್ಪೆ ಸವೆಯುತ್ತದೆ, ಸ್ವಿಚ್ಚಿನೊಳಗೆ ಎಣ್ಣಿ ಇಳಿದು ಕಿಲುಬು ಹಿಡಿಯುತ್ತದೆ. ಆ ವೈರನ್ನು ಕಾಯಿಲಿನ ಬಳಿ ಬಿಡಿಸಿ ಹಗ್ಗ ಎಳೆಯಿರಿ. ಕಿಡಿ ಬಂತೆಂದರೆ ಕಾಯಿಲ್ ಒಳ್ಳೆಯದೇ, ವೈರು ಇಲ್ಲವೇ ಸ್ವಿಚ್ ಬದಲಿಸಿ. ವೈರು ಬಿಡಿಸಿದಾಗ ಎಂಜಿನ್ ಚಾಲೂ ಆದರೆ ಸ್ವಿಚ್ ಒತ್ತಿದರೂ ನಿಲ್ಲದು, ಗಾಳಿ ತಡೆಯುವ ಚೋಕ್ ಪೂರ್ತಿ ಮುಚ್ಚಿ ನಿಲ್ಲಿಸಬೇಕು.

ಆಗಲೂ ಕಿಡಿಯಿಲ್ಲದಿದ್ದರೆ ಕವರ್ ಬಿಚ್ಚಿ ಮ್ಯಾಗ್ನೆಟ್ ಚಕ್ರಕ್ಕೂ ಕಾಯಿಲಿಗೂ ನಡುವಿನ ಸಂದು ನೋಡಿ. ಅದು ಸುಮಾರು 0.3 ಎಂಎಂ ಇರಬೇಕು, ಒಂದು ವಿಸಿಟಿಂಗ್ ಕಾರ್ಡಿನ ದಪ್ಪ. ತುಕ್ಕಿದ್ದರೆ ಪಾಲಿಶ್ ಪೇಪರಿನಿಂದ ಉಜ್ಜಿ. ಕಾಯಿಲಿನ ಎರಡು ಸ್ಕ್ರೂ ಸಡಿಲಿಸಿ, ಮ್ಯಾಗ್ನೆಟ್ಟನ್ನು ಅದರ ಎದುರಿಗೆ ತಂದು ನಡುವೆ ಕಾರ್ಡ್ ಇಡಿ. ಮ್ಯಾಗ್ನೆಟ್ಟೇ ಕಾಯಿಲನ್ನು ಎಳೆದುಕೊಳ್ಳುತ್ತದೆ. ಸ್ಕ್ರೂ ಬಿಗಿದು, ಕಾರ್ಡ್ ಎಳೆದು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಎಲ್ಲಿಯೂ ಉಜ್ಜಬಾರದು. ಕ್ಯಾಪಿನೊಳಗಿನ ಸ್ಪ್ರಿಂಗ್ ಉದುರಿಲ್ಲ ತಾನೆ, ಅದನ್ನೂ ನೋಡಿ. ಇಷ್ಟಾದರೂ ಕಿಡಿ ಬಾರದಿದ್ದರೆ ಕಾಯಿಲ್ ಬದಲಿಸುವುದೇ ದಾರಿ.

ಹದಿನೈದು ಇಪ್ಪತ್ತು ನಿಮಿಷ ನಡೆದು ನಿಂತು, ತಣ್ಣಗಾದ ಮೇಲೆ ಮತ್ತೆ ಚಾಲೂ ಆಗುವ ಪಂಪು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ನಿಂತ ಕ್ಷಣವೇ ಪೆಟ್ರೋಲ್ ಟಾಕಿಯ ಮುಚ್ಚಳ ಸಡಿಲಿಸಿ. ಉಸ್ ಎಂದು ಗಾಳಿ ಒಳಗೆ ಹೋಗಿ ಪಂಪು ಚಾಲೂ ಆದರೆ ಮುಚ್ಚಳದ ಗಾಳಿತೂತು ಮುಚ್ಚಿದೆ, ಎರೆಮಣ್ಣಿನ ಧೂಳಿಗೆ ಇದು ಮಾಮೂಲು. ಹಾಗಾಗದಿದ್ದರೆ ಬಿಸಿ ಇರುವಾಗಲೇ ಕಿಡಿ ನೋಡಿ. ಬಿಸಿಯಲ್ಲಿ ಇಲ್ಲದ ಕಿಡಿ ತಣ್ಣಗಾದಾಗ ಬಂದರೆ ಕಾಯಿಲ್ ಹೋಗಿದೆ.

ನೀಲಿ ಕಿಡಿಯಿದ್ದೂ ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗಿದರೆ, ಸೈಲೆನ್ಸರಿನಲ್ಲಿ ಪಟಾಕಿ ಸದ್ದು ಬಂದರೆ ಮ್ಯಾಗ್ನೆಟ್ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಕೀಲು ಕತ್ತರಿಸಿರಬಹುದು, ಕಿಡಿ ಹೊತ್ತುತಪ್ಪಿ ಬರುತ್ತಿದೆ. ಚಕ್ರ ಕಳಚಲು ಪುಲ್ಲರ್ ಬೇಕು, ಸುತ್ತಿಗೆ ಏಟು ಬಿದ್ದರೆ ಶಾಫ್ಟೇ ಡೊಂಕಾಗುತ್ತದೆ. ಕಿಡಿ ಸರಿಯಿದ್ದು ಪ್ಲಗ್ ಒಣಗಿ ಬಂದರೆ, ಅಂದರೆ ಪೆಟ್ರೋಲ್ ತಲುಪದಿದ್ದರೆ ಮಾತ್ರ ಕಾರ್ಬೊರೇಟರ್ ಬಿಚ್ಚಿ.