ದೂರು ಹೊತ್ತು ಮನೆಗೆ ಹೋಗಬೇಡಿ

ರಾಯಚೂರು ಕಡೆಯ ಒಂದು ಬಿ.ಎಡ್. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠಯೋಜನೆ ಚೆನ್ನಾಗಿಯೇ ಬರೆಯುತ್ತಾರೆ. ಮಗುವಿನ ಅಜ್ಜಿ ಎದುರು ನಿಂತರೆ ಮಾತ್ರ ಬಾಯಿ ಕಟ್ಟುತ್ತದೆ, ಇಲ್ಲವೇ ಭಾಷಣ ಶುರುವಾಗುತ್ತದೆ. ಪೋಷಕರ ಸಭೆ ನಡೆಸಿ ಹಾಜರಾತಿ, ಕಲಿಕೆ ತಿಳಿಸುವುದು ಶಿಕ್ಷಕರ ಕರ್ತವ್ಯ ಅಂತ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಹೇಗೆ ಮಾತಾಡಬೇಕು ಅನ್ನುವುದನ್ನು ನಾವೇ ಕಲಿಸಬೇಕು.

ಅದಕ್ಕೆ ಇಂಟರ್ನ್‌ಶಿಪ್‌ಗೆ ಕಳಿಸುವ ಮೊದಲು ತರಗತಿಯಲ್ಲೇ ಒಂದು ಆಟ ಆಡಿಸುತ್ತೇನೆ. ಒಬ್ಬರು ಶಿಕ್ಷಕಿ, ಒಬ್ಬರು ಅಜ್ಜಿ. ಅಜ್ಜಿಯ ಕೈಗೆ ಒಂದು ಚೀಟಿ ಕೊಡುತ್ತೇನೆ: ಮಗ, ಸೊಸೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾರೆ, ಹತ್ತಿ ಬಿಡಿಸುವ ಕಾಲ, ಮೊಮ್ಮಗನೂ ಹೊಲಕ್ಕೆ ಬರುತ್ತಾನೆ. ಶಿಕ್ಷಕಿಗೆ ಇದು ಗೊತ್ತಿರುವುದಿಲ್ಲ. "ನಿಮ್ಮ ಹುಡುಗ ಸರಿಯಾಗಿ ಶಾಲೆಗೆ ಬರ್ತಿಲ್ಲ" ಅಂತಲೇ ಮಾತು ಶುರುವಾಗುತ್ತದೆ. ಅಜ್ಜಿ ಪಾತ್ರದವರು ಹಳ್ಳಿಯವರೇ ಆಗಿದ್ದರೆ ಉತ್ತರ ತಟ್ಟನೆ ಬರುತ್ತದೆ: "ಹೊಡೀರಿ ಮೇಡಮ್, ನನ್ನ ಮಾತು ಕೇಳಂಗಿಲ್ಲ."

ಆಟ ಅಲ್ಲೇ ನಿಲ್ಲಿಸುತ್ತೇನೆ. ಹೊಡೆಯುವುದು ಕಾಯ್ದೆಗೆ ವಿರುದ್ಧ ಅಂತ ಹೇಳಿದರೆ ಅಜ್ಜಿ ಸುಮ್ಮನಾಗುತ್ತಾಳೆ, ಮಾತು ಮುಗಿಯುತ್ತದೆ. "ಹೊಡದ್ರ ನಾಳಿಗಿ ಬರೋದೂ ಬಿಡ್ತಾನಲ್ಲವ್ವ, ಮನ್ಯಾಗ ಏನೇನು ಮಾಡ್ತಾನ?" ಅಂತ ಕೇಳಿದರೆ ಹತ್ತಿಯ ವಿಷಯ ತಾನಾಗೇ ಹೊರಗೆ ಬರುತ್ತದೆ. ಈ ಒಂದು ಪ್ರಶ್ನೆ ಬಾಯಿಗೆ ಬರುವವರೆಗೂ ಪಾತ್ರ ಬದಲಿಸಿ ಆಡಿಸುತ್ತೇನೆ.

ಮನೆಭೇಟಿಗೆ ಕೆಲವು ಕಟ್ಟುಪಾಡು ಇಟ್ಟಿದ್ದೇನೆ. ಕೂಲಿಯಿಂದ ಬಂದು ಕೈಕಾಲು ತೊಳೆದ ಮೇಲೆ ಹೋಗಬೇಕು. ಹಾಜರಿ ಪುಸ್ತಕ ಒಯ್ಯಬಾರದು. ಮೊದಲ ಭೇಟಿಯಲ್ಲಿ ದೂರು ಬೇಡ, ಫೋಟೊ ಅಂತೂ ಬೇಡವೇ ಬೇಡ. (ವರದಿಗೆ ಫೋಟೊ ಇಲ್ಲದಿದ್ದರೆ ನಡೆಯುವುದಿಲ್ಲ ಅನ್ನುವವರು ಇದ್ದಾರೆ. ಇರಲಿ.) ಬಾಗಿಲಲ್ಲಿ ಶಿಕ್ಷಕರನ್ನು ಕಂಡರೆ ಎಷ್ಟೋ ತಾಯಂದಿರು "ಯಾಕ್ರಿ, ಏನಾರ ಮಾಡ್ಯಾಳೇನ್ರಿ?" ಅಂತ ಗಾಬರಿಯಾಗುತ್ತಾರೆ. ಮಗುವಿನ ಒಂದು ಒಳ್ಳೆ ಸಂಗತಿ ಮೊದಲೇ ಹೇಳಿದರೆ ಕೂರಲು ಚಾಪೆ ಬರುತ್ತದೆ.

ಭೇಟಿಯ ವರದಿಯಲ್ಲಿ ನಾನು ಕೇಳುವುದು ಒಂದೇ: ಮನೆಯಲ್ಲಿ ತಿಳಿದ ಯಾವ ವಿಷಯದಿಂದ ನಿಮ್ಮ ತರಗತಿಯಲ್ಲಿ ಏನು ಬದಲಾಯಿತು? ಒಬ್ಬ ವಿದ್ಯಾರ್ಥಿನಿ ಬರೆದದ್ದು ನೆನಪಿದೆ. ಸೋಮವಾರ ಊರಿನ ಸಂತೆ. ತಾಯಿ ತರಕಾರಿ ಮಾರಲು ಹೋದರೆ ಮಗಳು ತಮ್ಮನನ್ನು ನೋಡಿಕೊಳ್ಳಬೇಕು. ಕಿರುಪರೀಕ್ಷೆಯೂ ಸೋಮವಾರವೇ. ನಮ್ಮ ವಿದ್ಯಾರ್ಥಿನಿ ಮುಖ್ಯಗುರುಗಳನ್ನು ಕೇಳಿ ಪರೀಕ್ಷೆಯನ್ನು ಬುಧವಾರಕ್ಕೆ ಹಾಕಿಸಿದಳು. ಸೋಮವಾರದ ಗೈರು ಮುಂದುವರಿಯಿತು, ಅದಕ್ಕೆ ತಮ್ಮನನ್ನು ಅಂಗನವಾಡಿಗೆ ಸೇರಿಸುವ ಮಾತು ನಡೆಯಿತು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೂ ಕಳಿಸುತ್ತೇನೆ, ಸುಮ್ನೆ ಕೂತು ನೋಡಲು. ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಇರುತ್ತಾರೆ, ಮಾತಾಡುವವರು ಮಾತ್ರ ಕಡಿಮೆ. ಹಾಗಾಗಿ ಸಭೆ ಮುಗಿದ ಮೇಲೆ ಚಪ್ಪಲಿ ಬಿಟ್ಟ ಕಡೆ ಅಮ್ಮಂದಿರ ಜೊತೆ ನಿಲ್ಲಿ ಅನ್ನುತ್ತೇನೆ. ಬಿಸಿಯೂಟದ ಬಗ್ಗೆ, ಶೌಚಾಲಯದ ಬಗ್ಗೆ ಜಾಸ್ತಿ ಮಾತು ಬರುವುದು ಅಲ್ಲೇ.