ರಾತ್ರಿ ಪಾಳಿಯಲ್ಲಿ ಉಸಿರು ಎಣಿಸುವುದು

ಆಪರೇಷನ್ ಮೇಜಿನ ಮೇಲೆಯೇ ರೋಗಿ ತೀರಿಕೊಳ್ಳುವುದು ಅಪರೂಪ. ತಪ್ಪಿಸಬಹುದಾಗಿದ್ದ ಸಾವುಗಳನ್ನು ನಾನು ಹೆಚ್ಚಾಗಿ ಕಂಡದ್ದು ವಾರ್ಡಿನಲ್ಲಿ, ಆಪರೇಷನ್ ಆಗಿ ನಾಲ್ಕೈದು ದಿನಗಳ ಮೇಲೆ, ನಡುರಾತ್ರಿ. ಅದಕ್ಕೇ ಪಾಳಿಗೆ ಬರುವ ಕಿರಿಯ ವೈದ್ಯರಿಗೆ ಮೊದಲು ಹೇಳುತ್ತೇನೆ: ಗಡಿಯಾರ ಹಿಡಿದು ಪೂರ್ತಿ 1 ನಿಮಿಷ ಉಸಿರು ಎಣಿಸಿ.

ಕರುಳು ಕತ್ತರಿಸಿ ಜೋಡಿಸಿದ್ದ ಹಿರಿಯರೊಬ್ಬರು ಐದನೆಯ ರಾತ್ರಿ, "ಯಾಕೋ ಸರಿಯಿಲ್ಲ ಡಾಕ್ಟರೇ" ಎಂದರು. ರಕ್ತದೊತ್ತಡ ಚೆನ್ನಾಗಿತ್ತು, ನಾಡಿ 118. ಚಾರ್ಟಿನ ಉಸಿರಿನ ಸಾಲಿನಲ್ಲಿ 18, 18, 18. ನೋವಿರಬೇಕೆಂದು ಮದ್ದು ಬರೆದು ಹೊರಟೆ. ಬೆಳಗಿನ ಜಾವ ಪಕ್ಕದಲ್ಲಿ ಕುಳಿತು ಎಣಿಸಿದಾಗ 32. ಜೋಡಣೆ ಸೋರಿ ಹೊಟ್ಟೆಯೆಲ್ಲ ಕೀವಾಗಿತ್ತು. ಅವರು ಉಳಿಯಲಿಲ್ಲ. ಆ 18 ಯಾರೂ ಎಣಿಸಿದ್ದಲ್ಲ, ಹಿಂದಿನ ಅಂಕಿಯನ್ನು ನೋಡಿ ಬರೆದದ್ದು.

ನಾಡಿ ಹಿಡಿದಂತೆಯೇ ಕೈ ಇಟ್ಟುಕೊಂಡು ಎದೆಯನ್ನು ನೋಡಿ. ಎಣಿಸುತ್ತಿದ್ದೀರೆಂದು ತಿಳಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. 20 ದಾಟಿದ್ದರೆ ಕಾರಣ ಹುಡುಕಿ. 25 ಮುಟ್ಟಿದ್ದರೆ ಹಿರಿಯ ವೈದ್ಯರನ್ನು ಎಬ್ಬಿಸಿ. ರಕ್ತದೊತ್ತಡ ಇಳಿಯಲಿ ಎಂದು ಕಾಯಬೇಡಿ, ಅದು ಕೊನೆಗೆ ಕುಸಿಯುವಂಥದ್ದು. ಗಟ್ಟಿಮುಟ್ಟಾದ ತರುಣರಲ್ಲಂತೂ ಬಹಳಷ್ಟು ರಕ್ತ ಹೋದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಎದೆಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿಯೂ ಏರದೆ ಮೋಸ ಮಾಡಬಹುದು. ಮೂತ್ರದ ಚೀಲವನ್ನು ಗಂಟೆಗೊಮ್ಮೆ ನೋಡಿ: 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಾದರೂ ಬರಬೇಕು. ಒಳಗಿನ ರಕ್ತ, ಕೀವು ಹೊರಬರಲೆಂದು ಇಟ್ಟ ಡ್ರೈನ್ ಕೊಳವೆ ಖಾಲಿಯಿದೆಯೆಂದು ನಿಶ್ಚಿಂತರಾಗಬೇಡಿ, ಹೆಪ್ಪುಗಟ್ಟಿದ ರಕ್ತ ಕೊಳವೆಯನ್ನೇ ಮುಚ್ಚಿರಬಹುದು.

ಕರೆ ಮಾಡುವಾಗ "ಸ್ವಲ್ಪ ನೋಡಬೇಕಿತ್ತು ಸರ್" ಎಂದರೆ ನಿದ್ದೆಗಣ್ಣಿನವರು ಬೆಳಿಗ್ಗೆ ನೋಡೋಣ ಎನ್ನುತ್ತಾರೆ. "ಕರುಳಿನ ಆಪರೇಷನ್ ಆಗಿ ಐದನೆಯ ದಿನ, ನಾಡಿ 118, ಉಸಿರು 28, ಸೋರಿಕೆಯ ಅನುಮಾನ, ನೀವು ಈಗಲೇ ಬರಬೇಕು" ಎನ್ನಿ. ಅವರು ಫೋನ್ ಎತ್ತದಿದ್ದರೆ ಅವರಿಗೂ ಮೇಲಿನವರಿಗೆ ಮಾಡಿ, ಬೈಸಿಕೊಂಡರೂ ಪರವಾಗಿಲ್ಲ. ಅವರು ಬರುವಷ್ಟರಲ್ಲಿ ಆಮ್ಲಜನಕ ಕೊಟ್ಟು, ಡ್ರಿಪ್ ಹಾಕಿ, ಸೋಂಕಿನ ರೋಗಾಣು ಪತ್ತೆಹಚ್ಚುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಸೋಂಕಿನ ಲಕ್ಷಣ ಸ್ಪಷ್ಟವಿದ್ದರೆ 1 ಗಂಟೆಯೊಳಗೆ ಆಂಟಿಬಯಾಟಿಕ್ ಶುರು ಮಾಡಿರಬೇಕು.

ಆಪರೇಷನ್ ಥಿಯೇಟರಿನ ಮಟ್ಟಿಗೆ, ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ, ಆಪರೇಷನ್ ಸುರಕ್ಷತೆಯ 19 ಅಂಶಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಉತ್ತರ ಕೇಳಿಸಿಕೊಂಡೇ ಗುರುತು ಹಾಕಿ. ಹಾಳೆಯನ್ನು ಆಮೇಲೆ ತುಂಬಿಸುವುದೂ ಆ 18ರಂಥದ್ದೇ.

ರೋಗಿಯೋ ಮನೆಯವರೋ ನರ್ಸೋ "ಯಾಕೋ ಸರಿಯಿಲ್ಲ" ಎಂದರೆ ಆ ಮಾತನ್ನು ಸಮಯದ ಸಮೇತ ಚಾರ್ಟಿನಲ್ಲಿ ಬರೆಯಿರಿ. ಬರೆದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತು ಎಣಿಸಿ.