ಅಪೆಂಡಿಕ್ಸ್ ತೆಗೆದ ಮೇಲೂ ಅಪೆಂಡಿಕ್ಸ್: ಕಲಬುರಗಿಯ ಸ್ಕ್ಯಾನಿಂಗ್ ಕೋಣೆಯ ನನ್ನ ಅನುಭವ

ಅಪೆಂಡಿಕ್ಸ್ ತೆಗೆಸಿಕೊಂಡವರಿಗೆ ಮತ್ತೆ ಅದೇ ಜಾಗದಲ್ಲಿ ನೋವು ಬಂದರೆ ಉಳಿದ ಬುಡದ ಉರಿಯೂತ, ಅಂಟಿಕೆ ಅಥವಾ ಮೂತ್ರನಾಳದ ಕಲ್ಲು ಎಂದು ಯೋಚಿಸುವುದು ನಮ್ಮಲ್ಲಿ ರೂಢಿ. ಎರಡನೆಯ ಅಪೆಂಡಿಕ್ಸ್ ಇರಬಹುದೆಂದು ನಾನು ಹೇಳಿದಾಗ, ಶೇ 0.004ರಷ್ಟು ಅಪರೂಪದ್ದು ನಿಮಗೇ ಸಿಗಬೇಕೇ ಎಂದು ಕಲಬುರಗಿಯ ಸರ್ಜನ್ನರೇ ಕೇಳಿದ್ದರು. ಸೇಡಂ ಕಡೆಯ ಯುವಕನೊಬ್ಬನಲ್ಲಿ ಅದನ್ನು ಅಲ್ಟ್ರಾಸೌಂಡಿನಲ್ಲೇ ಹಿಡಿದೆ. ಬಯಾಪ್ಸಿ ವರದಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಅಪೆಂಡಿಕ್ಸನ್ನು ಅಲ್ಟ್ರಾಸೌಂಡಿನಲ್ಲಿ ಹುಡುಕಲು ಹೊರಟ ಮೊದಲೆರಡು ವರ್ಷ ಏನೂ ದಕ್ಕಲಿಲ್ಲ. ಆಳಕ್ಕೆ ನೋಡುವ ಕರ್ವ್ಡ್ ಪ್ರೋಬಿನಲ್ಲಿ (ಮೈಮೇಲೆ ಆಡಿಸುವ ಸ್ಕ್ಯಾನ್ ಉಪಕರಣ) ಗ್ಯಾಸ್ ತುಂಬಿದ ಸೀಕಂ (ಅಪೆಂಡಿಕ್ಸ್ ಹುಟ್ಟುವ, ದೊಡ್ಡ ಕರುಳಿನ ಆರಂಭದ ಚೀಲ) ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೇಲಿನ ಪದರಗಳನ್ನು ಸ್ಪಷ್ಟವಾಗಿ ತೋರಿಸುವ ಸೆಕೆಂಡ್ ಹ್ಯಾಂಡ್ ಲೀನಿಯರ್ ಪ್ರೋಬ್ ಒಂದಕ್ಕೆ ಎಂಬತ್ತು ಸಾವಿರದ ಆಸುಪಾಸು ಕೊಟ್ಟೆ. ಅದರ ನಡುವಿನ, ಧ್ವನಿ ಹೊಮ್ಮಿಸುವ ಕ್ರಿಸ್ಟಲ್‌ಗಳು ಸತ್ತಿದ್ದರಿಂದ ಹಣವೆಲ್ಲ ನೀರುಪಾಲಾಯಿತು. ಹೊಸದಕ್ಕೆ ಎರಡೂವರೆ ಲಕ್ಷದಷ್ಟು ತಗುಲಿತು. ಆ ಯುವಕನ ಮನೆಯವರು ಅಷ್ಟರಲ್ಲಿ ತೊಗರಿಯ ಮೇಲೆ ಸಾಲ ಮಾಡಿ, ಎರಡು ಸಿ.ಟಿ.ಗೆ ಹತ್ತು ಹನ್ನೆರಡು ಸಾವಿರ ಸುರಿದಿದ್ದರು. ಎರಡರಲ್ಲೂ ಅಪೆಂಡಿಕ್ಸ್ ತೆಗೆಯಲಾಗಿದೆ ಎಂಬ ಒಂದೇ ಸಾಲು ಇತ್ತು.

ನನ್ನ ಕ್ರಮ ಇಷ್ಟೇ: ನೋವಿನ ಜಾಗಕ್ಕೆ ನೇರವಾಗಿ ಹೋಗದೆ, ಅಸೆಂಡಿಂಗ್ ಕೋಲನ್ನಿನಿಂದ (ಮೇಲಕ್ಕೇರುವ ದೊಡ್ಡ ಕರುಳು) ಕೆಳಗಿಳಿದು, ಸಣ್ಣ ಕರುಳು ಸೀಕಂಗೆ ಕೂಡುವ ಇಲಿಯೋಸೀಕಲ್ ವಾಲ್ವನ್ನು ಗುರುತಿಸಿಕೊಂಡು, ಸೀಕಂನ ಗೋಡೆಯನ್ನು ಸುತ್ತಲೂ ಸವರಿ ನೋಡುವುದು, ಒಂದು ಅಪೆಂಡಿಕ್ಸ್ ಸಿಕ್ಕಿತೆಂದು ಕೈ ಎತ್ತದಿರುವುದು. ಎಡ ಮಗ್ಗುಲಿಗೆ ಮಲಗಿಸಿ, ಬೆನ್ನಿನ ಕಡೆಯಿಂದ ಇನ್ನೊಂದು ಕೈ ಒತ್ತಿದರೆ ಸೀಕಂನ ಹಿಂಬದಿಯೂ ತೆರೆದುಕೊಳ್ಳುತ್ತದೆ. ಗ್ಯಾಸ್ ಸರಿಸುವ ನನ್ನದೇ ಒಂದು ಒತ್ತು ಇದೆ, ಅದನ್ನು ಕೈ ಹಿಡಿದು ತೋರಿಸಬಹುದೇ ಹೊರತು ಇಲ್ಲಿ ಬರೆಯುವುದಿಲ್ಲ. ಈ ಯುವಕನಲ್ಲಿ ಹಳೆಯ ಬುಡಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಒತ್ತಿದರೂ ಕುಗ್ಗದ, ತುದಿ ಮುಚ್ಚಿದ, ಸುಮಾರು ಒಂಬತ್ತು ಮಿಲಿಮೀಟರ್ ಅಗಲದ ನಳಿಕೆಯೂ ಅದರ ಸುತ್ತ ಬೆಳ್ಳಗೆ ಊದಿದ ಕೊಬ್ಬೂ ಕಂಡವು. ಜೋಡಿ ಅಪೆಂಡಿಕ್ಸ್‌ಗಳ ಕೇವ್–ವಾಲ್‌ಬ್ರಿಡ್ಜ್ ವರ್ಗೀಕರಣದ ಬಿ2, ಅಂದರೆ ಒಂದು ತನ್ನ ಜಾಗದಲ್ಲಿ, ಇನ್ನೊಂದು ಸೀಕಂನ ಟೀನಿಯಾ ಎಂಬ ಸ್ನಾಯುಪಟ್ಟಿಯ ಗುಂಟ, ಎಂದು ಬರೆದೆ. ಲ್ಯಾಪರೋಸ್ಕೋಪಿಯಲ್ಲಿ ಅದು ಟೀನಿಯಾದ ಗುಂಟವೇ ಹೊರಟಿತ್ತು. ಬಯಾಪ್ಸಿಯಲ್ಲಿ ಲಿಂಫಾಯ್ಡ್ (ರೋಗನಿರೋಧಕ ಕೋಶಗಳ) ಅಂಗಾಂಶವೂ ಪೂರ್ಣ ಸ್ನಾಯುಪದರವೂ ಇದ್ದುದರಿಂದ ಅದು ಸೀಕಂನ ಡೈವರ್ಟಿಕ್ಯುಲಂ (ಗೋಡೆಯಿಂದ ಹೊರಚಾಚಿದ ಚೀಲ) ಎಂಬ ವಾದ ನಿಲ್ಲಲಿಲ್ಲ.

ಇದರ ಜೊತೆಗೇ, ಹೊಟ್ಟೆಯ ಸ್ಕ್ಯಾನಿಗೆ ಬಂದವರಲ್ಲೆಲ್ಲ ಕರುಳಿನ ಮೆಸೆಂಟೆರಿಕ್ ರಕ್ತನಾಳಗಳನ್ನು ಕೆಲವು ತಿಂಗಳು ನೋಡುತ್ತಾ ಬಂದೆ. ಎಡ ಹೊಟ್ಟೆ ನೋವಿನ ಒಬ್ಬ ಮಹಿಳೆಯಲ್ಲಿ, ಸಾಮಾನ್ಯವಾಗಿ ಬಲಕ್ಕಿರುವ ವೇನ್ ಆರ್ಟರಿಯ ಎಡಕ್ಕಿತ್ತು, ಸೀಕಂ ಕೂಡ ಎಡಗಡೆಯೇ ಇತ್ತು; ಕರುಳಿನ ತಿರುವು ಹೀಗೆ ತಪ್ಪಿದ್ದರೆ ಬಲಗಡೆ ಅಪೆಂಡಿಕ್ಸ್ ಕಾಣುವುದಿಲ್ಲ. ಆದರೆ ಅಪೆಂಡಿಕ್ಸ್ ಹುಟ್ಟಿನಿಂದಲೇ ಇಲ್ಲವೆಂದು ಸ್ಕ್ಯಾನಿನ ಬಲದ ಮೇಲೆ ನಾನು ಎಂದೂ ಬರೆಯುವುದಿಲ್ಲ. ಸರ್ಜನ್ ಸೀಕಂ ಬಿಡಿಸಿ, ಮೂರೂ ಟೀನಿಯಾಗಳು ಕೂಡುವಲ್ಲಿ ನೋಡಿದ ಮೇಲಷ್ಟೇ ಆ ಮಾತು.

ಈಗ ಸರ್ಜನ್ನರಲ್ಲಿ ನನ್ನದೊಂದೇ ಕೋರಿಕೆ: ಅಪೆಂಡಿಕ್ಸಿನ ಬುಡ ಎಲ್ಲಿತ್ತೆಂದು ಆಪರೇಷನ್ ನೋಟಿನಲ್ಲಿ ಬರೆಯಿರಿ. ಆ ಯುವಕನ ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ಅದಿದ್ದಿದ್ದರೆ ಎರಡು ಸಿ.ಟಿ.ಗಳ ಖರ್ಚು ಉಳಿಯುತ್ತಿತ್ತು.